ಪಕ್ಕದ ಮನೆಯವಳು

"ಓ... ಹೋಯ್."

ಎರಡನೆಯ ಮಹಡಿಯ ತಿರುವಿನಲ್ಲಿ ಒಮ್ಮೆ, ಮೂರನೆಯ ಮಹಡಿಯ ಕೊನೆಯ ಮೆಟ್ಟಿಲಿನಲ್ಲಿ ಇನ್ನೊಮ್ಮೆ. ಬೊಂಬಾಯಿ ಹತ್ತಿರದ ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಬೆಳಿಗ್ಗೆ ಆರೂವರೆಗೆ ಆ ಕೂಗು ಕೇಳಿದರೆ ತುಕ್ರು ಬಂದಳೆಂದು ಲೆಕ್ಕ. ನಮ್ಮ ಬಾಗಿಲಿಗೆ ಕಾಲಿಂಗ್ ಬೆಲ್ ಇತ್ತು. ಒತ್ತಿದರೆ ಹಕ್ಕಿಯ ಹಾಗೆ ಚಿಲಿಪಿಲಿ ಎನ್ನುವಂಥದ್ದು, ನನ್ನ ಗಂಡ ಯಾವುದೋ ಫುಟ್‌ಪಾತಿನಿಂದ ತಂದು ಹಚ್ಚಿದ್ದು. ಮೂವತ್ತು ವರ್ಷದಲ್ಲಿ ತುಕ್ರು ಒಮ್ಮೆಯೂ ಅದನ್ನು ಮುಟ್ಟಲಿಲ್ಲ. ಮೆಟ್ಟಿಲಿನಲ್ಲೇ ಕೂಗಿ, ನಾನು ಬಾಗಿಲು ತೆರೆದು ಒಳಗೆ ಸರಿದ ಮೇಲೆಯೇ ಮೇಲೆ ಬರುತ್ತಿದ್ದಳು. ಎಷ್ಟು ಸ್ವೀಟ್ ಅಭ್ಯಾಸ ಎಂದುಕೊಂಡಿದ್ದೆ. ನೋಡಿ ನನ್ನ ಬುದ್ಧಿ.

ಈಗ ನಾನು ಘೋಡಬಂದರ್ ರಸ್ತೆಯ ಒಂದು ಕಾಂಪ್ಲೆಕ್ಸಿನ ಹದಿನೆಂಟನೆಯ ಮಹಡಿಯಲ್ಲಿ, ಮಗಳ ಮನೆಯಲ್ಲಿದ್ದೇನೆ. ಇಲ್ಲಿ ಕೂಗುವವರಿಲ್ಲ. ಮೊಬೈಲು "ಟಿಂಗ್" ಎನ್ನುತ್ತದೆ. "ನಿಮ್ಮ ಮೇಡ್ ಗೇಟಿನಲ್ಲಿದ್ದಾಳೆ. ಅಪ್ರೂವ್? ಡಿನೈ?" ನಾಲ್ಕು ವರ್ಷದಿಂದ ಬರುತ್ತಿರುವ ಹೆಂಗಸು ಸ್ವಾಮಿ, ದಿನಾ ಅವಳನ್ನು ಹೊಸದಾಗಿ ಅಪ್ರೂವ್ ಮಾಡಬೇಕಂತೆ! ಸಂಧಿವಾತದ ಬೆರಳು ಎರಡು ಸಲ ಡಿನೈ ಒತ್ತಿ, ಆ ಬಡಪಾಯಿ ಗೇಟಿನಲ್ಲಿ ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಂತಳು. ಮೇಲೆ ಬಂದು "ಆಜೀ, ಆಜ್ ಪುನ್ಹಾ?" ಇವತ್ತೂ ಮತ್ತೆಯೇ ಎಂದು ಕೇಳಿದಾಗ ಸಾರಿ ಎನ್ನಲೂ ನಾಚಿಕೆಯಾಯಿತು.

ಕಳೆದ ಬುಧವಾರ ಆ ದರಿದ್ರ ಟಿಂಗ್ ನಮ್ಮ ಬುಕ್ ಕ್ಲಬ್ಬಿನ ಮಧ್ಯೆ ಬಂತು. ಹೌದು, ನಮ್ಮ ಕಾಂಪ್ಲೆಕ್ಸಿನಲ್ಲಿ ಬುಕ್ ಕ್ಲಬ್ ಇದೆ. ಪುಸ್ತಕ ಓದದೆ ಬರುವವರಿಗೂ ಸಮೋಸಾ ಸಿಗುತ್ತದೆ. ಈ ತಿಂಗಳ ಪುಸ್ತಕ ಒಂದು ಕಾದಂಬರಿ. ಹಡಗಿನಲ್ಲಿ ಸಾಗಿಸಿ ತಂದ ಗುಲಾಮರು ಯಾವುದೋ ದ್ವೀಪದಲ್ಲಿ ಕಬ್ಬು ಕಡಿಯುತ್ತಾರೆ. ಅವರಲ್ಲೊಬ್ಬಳ ಮಗುವನ್ನು ಮಾರಿಬಿಡುತ್ತಾರೆ. ಅಂದಿನಿಂದ ಯಜಮಾನನ ಮನೆಯಲ್ಲಿ ಯಾರು ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೂ ಒಳಗಿಂದ ಮಗು ಅಳುವುದು ಕೇಳುತ್ತದೆ. ಇದಕ್ಕೆ ಮ್ಯಾಜಿಕ್ ರಿಯಲಿಸಂ ಎನ್ನುತ್ತಾರೆಂದು ಹಿಂಬದಿಯ ರಟ್ಟಿನ ಮೇಲೆ ಬರೆದಿತ್ತು. ನಮ್ಮವರು ಹಿಂಬದಿಯನ್ನು ಮಾತ್ರ ತಪ್ಪದೆ ಓದುತ್ತಾರೆ.

"ಇಷ್ಟು ಸೀರಿಯಸ್ ವಿಷಯಕ್ಕೆ ಈ ಭೂತಚೇಷ್ಟೆ ಯಾಕೆ? ಸ್ಟ್ರೇಟಾಗಿ ಹೇಳಬಹುದಿತ್ತು" ಎಂದಳು ಸ್ಮಿತಾ. ಬ್ಯಾಂಕಿನಿಂದ ರಿಟೈರಾದವಳು, ಕ್ಲಬ್ಬಿನ ಯಜಮಾನಿಕೆ ಅವಳದ್ದು. ಪಕ್ಕದಲ್ಲಿದ್ದ ಕಿರಿಯಳಿಗೆ ಅದೇ ಇಷ್ಟವಾಗಿತ್ತು. "ಸೋ ಬ್ಯೂಟಿಫುಲ್ ಯಾರ್, ಫೇರಿ ಟೇಲ್ ಥರ!" ಎನ್ನುತ್ತ ಕಾಫಿಗೆ ಎರಡು ಚಮಚ ಸಕ್ಕರೆ ಸುರಿದಳು. ಡಬ್ಬಿಯಿಂದ ಯಾರೂ ಅಳಲಿಲ್ಲ. ಇವಳು ನಮ್ಮ ಕನ್ನಡದವಳೇ, ಆದರೆ ನನ್ನ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ. ನನ್ನತ್ತ ತಿರುಗಿ, "ಆಂಟೀ, ಅಪ್ನೇ ಯಹಾಂ ತೋ ಸ್ಲೇವರಿ ಥೀ ಹೀ ನಹೀಂ ನಾ? ನೌಕರ್ ಲೋಗ್ ಫ್ಯಾಮಿಲಿ ಜೈಸೇ ಥೇ" ಎಂದಳು. ನಮ್ಮಲ್ಲಿ ಗುಲಾಮಗಿರಿ ಇರಲೇ ಇಲ್ಲವಂತೆ, ಕೆಲಸದವರೆಲ್ಲ ಮನೆಯವರ ಹಾಗೇ ಇದ್ದರಂತೆ. ಸರಿಯಾಗಿ ಆಗಲೇ ನನ್ನ ಮಡಿಲಲ್ಲಿ ಟಿಂಗ್. ನನಗೆ ಕೇಳಿದ್ದು ಮಾತ್ರ ಬೇರೆ. ಎರಡನೆಯ ಮಹಡಿಯ ತಿರುವಿನಿಂದ, "ಓ... ಹೋಯ್."

ಫ್ಯಾಮಿಲಿ. ಕೇಳಿ ಹಾಗಾದರೆ.

ತುಕ್ರು ನನ್ನ ಮದುವೆಯಲ್ಲಿ ನನ್ನ ಜೊತೆ ಬಂದವಳು. ತವರು ಉಡುಪಿಯ ಕಡೆ, ಹೊಳೆಯ ದಡದಲ್ಲಿ ಗದ್ದೆಯಿದ್ದ ಮನೆ. ಅವಳ ಹಿರಿಯರು ನಮ್ಮ ಮನೆಯ ಮೂಲದ ಆಳುಗಳು. ಎಂದರೆ ಭೂಮಿ ಮಾರಿದರೆ ಅದರೊಂದಿಗೆ ಹೋಗುವವರು, ಮಗಳ ಮದುವೆಯಾದರೆ ಬಳುವಳಿಯೊಂದಿಗೆ ಹೋಗುವವರು. ಮಕ್ಕಳಿಗೆ ದೇವರ ಹೆಸರಿಡುವಂತಿರಲಿಲ್ಲ. ಹುಟ್ಟಿದ ವಾರವೇ ಹೆಸರು. ಶುಕ್ರವಾರ ಹುಟ್ಟಿದ್ದಕ್ಕೆ ಇವಳು ತುಕ್ರು. ಅವರ ನೆರಳು ಮನೆಯವರ ಮೇಲೆ ಬೀಳಕೂಡದು, ಅದಕ್ಕೆ ದೂರದಿಂದಲೇ ಕೂಗಿ ತಿಳಿಸಬೇಕು. ಕಾನೂನು ಇದನ್ನೆಲ್ಲ ಎಂದೋ ನಿಲ್ಲಿಸಿತ್ತು. ನಮ್ಮ ಅಮ್ಮನಿಗೆ ಮಾತ್ರ ಯಾರೂ ಹೇಳಿದಂತಿರಲಿಲ್ಲ. ಮಂಗಳೂರಿನ ಕಾನ್ವೆಂಟ್ ಹಾಸ್ಟೆಲಿನಿಂದ ಮದುವೆಗೆಂದೇ ಮನೆಗೆ ಬಂದ ನನ್ನ ಕೈಗೆ ಅಮ್ಮ ಒಂದು ಪಟ್ಟಿ ಕೊಟ್ಟರು. ಬೆಳ್ಳಿಯ ಲೋಟ ಆರು, ಹೊಲಿಗೆ ಮೆಷಿನ್ ಒಂದು, ಹಾಸಿಗೆ ಎರಡು, ತುಕ್ರು. "ಬೊಂಬಾಯಿಯಲ್ಲಿ ಹೆಲ್ಪ್ ಸಿಗುವುದಿಲ್ಲ" ಎಂದರು. ನಾನು ಥ್ಯಾಂಕ್ಯೂ ಎಂದೆ.

ಅವಳು ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಠಾಕುರ್ಲಿಯ ಚಾಳಿನಲ್ಲಿ ಊರ ಕಡೆಯ ಒಂದು ಸಂಸಾರದ ಜೊತೆ ಮಲಗಲು ಜಾಗ. ದಿನಾ ಹಳಿಯ ಪಕ್ಕದ ದಾರಿಯಲ್ಲಿ ನಡೆದು ಬಂದು ಪಾತ್ರೆ, ಬಟ್ಟೆ, ನನ್ನ ಮೂರು ಮಕ್ಕಳ ಸ್ನಾನ, ಟಿಫಿನ್, ಸ್ಕೂಲು. ಬಾಲ್ಕನಿಯಲ್ಲಿ ಬಿಸಿಲಿದ್ದಾಗ ನಾನು ಹೊರಗೆ ಬಂದರೆ ಥಟ್ಟನೆ ಪಕ್ಕಕ್ಕೆ ಸರಿಯುತ್ತಿದ್ದಳು. ಜಾಗ ಬಿಡುತ್ತಾಳೆ, ಎಂಥ ಮ್ಯಾನರ್ಸ್ ಎಂದುಕೊಳ್ಳುತ್ತಿದ್ದೆ. ಮೇ ತಿಂಗಳಲ್ಲಿ ಊರಿಗೆ ಹೋದರೆ ಮೂರು ದಿನ ಕಾಣೆಯಾಗುತ್ತಿದ್ದಳು. ಎಲ್ಲಿ ಹೋಗಿದ್ದೆ ಎಂದು ನಾನು ಕೇಳಲಿಲ್ಲ; ಬಟ್ಟೆ ರಾಶಿ ಬಿದ್ದಿದೆ ಎಂದಷ್ಟೇ ಹೇಳಿದೆ.

ಶುಕ್ರವಾರ ಡೊಂಬಿವಲಿಗೆ ಲೋಡ್ ಶೆಡ್ಡಿಂಗ್. ಫ್ಯಾನಿಲ್ಲದ ಮಧ್ಯಾಹ್ನಗಳಲ್ಲಿ ಅವಳು ಅಕ್ಕಿಯ ಕಲ್ಲು ಆರಿಸುತ್ತ ಮಕ್ಕಳಿಗೆ ಕಥೆ ಹೇಳುತ್ತಿದ್ದಳು. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟು ರುಚಿ ಕಡಿಮೆಯಾಯಿತೆಂದು ತಿಳಿಯಿರಿ.

"ನನ್ನ ಅಜ್ಜಿಯನ್ನು ಧಣಿಗಳ ಮಗಳ ಜೊತೆ ಹೊಳೆಯಾಚೆ ಕಳಿಸಿದ್ರು. ಕೈಯಲ್ಲಿ ಮಗು ಇತ್ತು. ಮಗು ಈಚೆ ಮನೆಯ ಸೊತ್ತಲ್ವಾ, ಬಿಡ್ಲಿಲ್ಲ. ಅಜ್ಜಿ ದೋಣಿ ಹತ್ತಿದಳು. ನೆರಳು ಹತ್ತಲಿಲ್ಲ."

"ಹತ್ತಲಿಲ್ಲ ಅಂದ್ರೆ?" ನನ್ನ ಹಿರಿಯ ಮಗಳು.

"ಹತ್ತಲಿಲ್ಲ ಅಂದ್ರೆ ಹತ್ತಲಿಲ್ಲ. ದಡದಲ್ಲೇ ಕೂತಿತು. ಅಂಬಿಗ ಎರಡು ಸಲ ಕರೆದ. ಬರ್ಲಿಲ್ಲ. ಮತ್ತೆ ಸಂಜೆ ಆಯ್ತು. ಸಂಜೆ ನೆರಳು ಉದ್ದ ಆಗ್ತದಲ್ವಾ, ಉದ್ದ ಆಗಿ ಆಗಿ ನಮ್ಮ ಗುಡಿಸಲು ಮುಟ್ಟಿತು. ಮಗುವಿಗೆ ಹಾಲು ಕೊಟ್ಟಿತು. ದಿನಾ ಹಾಗೆಯೇ. ನನ್ನ ಅಮ್ಮ ನೆರಳಿನ ಹಾಲು ಕುಡಿದು ಬೆಳೆದವಳು."

"ಮಳೆಗಾಲದಲ್ಲಿ ಮೋಡ ಇದ್ರೆ ನೆರಳೇ ಇರಲ್ವಲ್ಲ?"

"ಆಗ ಮಗು ಉಪವಾಸ" ಎಂದಳು ತುಕ್ರು, ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಡುತ್ತ. "ಆಚೆ ಮನೆಯವರಿಗೆ ಖುಷಿಯೋ ಖುಷಿ. ಇವಳಿಗೆ ನೆರಳೇ ಇಲ್ಲ, ಮೈಲಿಗೆಯ ಹೆದರಿಕೆ ಇಲ್ಲ ಅಂತ ಅಂಗಳದ ತನಕ ಬರ್ಲಿಕ್ಕೆ ಬಿಟ್ರು. ಅಂಗಳ ಗುಡಿಸುವ ಕೆಲಸವನ್ನೂ ಕೊಟ್ರು."

ಕಿಚನ್ನಿನಿಂದ ನಾನು ಗದರಿದೆ. "ತುಕ್ರು, ಮಕ್ಕಳ ತಲೆಗೆ ನಾನ್‌ಸೆನ್ಸ್ ತುಂಬಬೇಡ. ನಾಳೆ ಸಾಯನ್ಸ್ ಟೆಸ್ಟ್ ಇದೆ."

"ಆಯ್ತು ಸಣ್ಣಮ್ಮ" ಎಂದಳು. ನನ್ನ ಕೂದಲು ನರೆತ ಮೇಲೂ ನಾನು ಅವಳಿಗೆ ಸಣ್ಣಮ್ಮನೇ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನೋ, ಕಾನ್ವೆಂಟಿನಲ್ಲಿ ಕಾಂಪೊಸಿಷನ್ನಿಗೆ ಮೆಡಲ್ ಪಡೆದವಳು. ಕಣ್ಣಿಗೆ ಕಾಣದ್ದನ್ನು ಬರೆದರೆ ನಮ್ಮ ಸಿಸ್ಟರ್ ಕೆಂಪು ಇಂಕಿನಲ್ಲಿ ಹೊಡೆದುಹಾಕುತ್ತಿದ್ದರು. ಆ ಇಂಕು ನನ್ನ ರಕ್ತಕ್ಕೇ ಇಳಿದಿರಬೇಕು. ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದಾಗ ತುಕ್ರುವಿನ ಅಜ್ಜಿಯ ಕಥೆಯನ್ನೇ ಬರೆದೆ, ತಿದ್ದಿ. ನೆರಳನ್ನು ತೆಗೆದುಹಾಕಿದೆ. ಆದರೆ ಮಗು ಬದುಕಿತಲ್ಲ, ಓದುವವರು ಹೇಗೆಂದು ಕೇಳುವುದಿಲ್ಲವೇ? ಅದಕ್ಕೆ ಒಂದು ವಾಕ್ಯ ಸೇರಿಸಿದೆ: "ಪಕ್ಕದ ಮನೆಯ ದಯಾಳು ಬಾಣಂತಿಯೊಬ್ಬಳು ಆ ಕೂಸಿಗೆ ತನ್ನ ಹಾಲೂಡಿಸಿ ಸಾಕಿದಳು." ಎಷ್ಟು ಲಾಜಿಕಲ್! ಸಂಪಾದಕರು ಧಾರವಾಡದ ಕಡೆಯವರು, ಫೋನಿನಲ್ಲಿ ಹೊಗಳಿದ್ದೇ ಹೊಗಳಿದ್ದು. "ಭಾರೀ ಬರದೀರಿ ಬಾಯಾರ! ದೆವ್ವ ಇಲ್ಲ, ಗಿವ್ವ ಇಲ್ಲ, ಒಂದ್ ಸುಳ್ಳಿಲ್ರೀ ಇದರಾಗ!"

ಸಂಚಿಕೆ ಬಂದ ದಿನ ತುಕ್ರುವನ್ನು ಕರೆದು ಕೂರಿಸಿ ಓದಿ ಹೇಳಿದೆ. ಸರ್ಪ್ರೈಸ್ ಕೊಡುವ ಹುಮ್ಮಸ್ಸು ನನಗೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೊನೆಯ ತನಕ ಕೇಳಿದಳು.

"ನೆರಳು ಎಲ್ಲಿ?"

"ಅದನ್ನು ಬರೆದರೆ ಯಾರೂ ನಂಬುವುದಿಲ್ಲ ತುಕ್ರು. ಪಕ್ಕದ ಮನೆಯವಳು ಹಾಲು ಕೊಟ್ಟಿರಬೇಕು. ನೀನೇ ಯೋಚಿಸು."

"ಯಾರೂ ಕೊಡ್ಲಿಲ್ಲ."

"ಯಾರಾದರೊಬ್ಬರು ಕೊಟ್ಟೇ ಇರಬೇಕಲ್ಲ?"

"ಕೊಟ್ಟಿದ್ರೆ ನೆರಳು ಎಂತಕ್ಕೆ ಬೇಕಿತ್ತು ಸಣ್ಣಮ್ಮ?" ಎಂದಳು. ಎದ್ದು ಹೋಗಿ ನಲ್ಲಿ ತಿರುಗಿಸಿದಳು. ಆ ದಿನ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಇತ್ತು. ಅಂದಿನಿಂದ ನನ್ನೆದುರು ಅವಳು ಕಥೆ ಹೇಳಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಇಷ್ಟು ಕಷ್ಟಪಟ್ಟು ಬರೆದರೆ ಕೃತಜ್ಞತೆ ಬೇಡವೇ ಎಂದು ಗಂಡನ ಹತ್ತಿರ ದೂರಿದೆ ಕೂಡ. ನಾನು ಬರೆದದ್ದರಲ್ಲಿ ಅಪ್ಪಟ ಕಟ್ಟುಕಥೆ ಆ ಪಕ್ಕದ ಮನೆಯವಳು ಎಂದು ತಿಳಿಯಲು ಎಷ್ಟು ವರ್ಷ ಬೇಕಾಯಿತು! ಮಗುವನ್ನು ತಾಯಿಯಿಂದ ಕಿತ್ತು ಇಟ್ಟುಕೊಂಡವರು ನನ್ನ ಮುತ್ತಜ್ಜನ ಮನೆಯವರು; ಆ ಮಗುವಿನ ಬಾಯಿಗೆ ಹಾಲು ಬಿಟ್ಟು ಎಲ್ಲರನ್ನೂ ಸಮಾಧಾನ ಮಾಡಿದವಳು ನಾನು. ತುಕ್ರು ಯಾರನ್ನೂ ಸಮಾಧಾನ ಮಾಡಿರಲಿಲ್ಲ. ಮೋಡವಿದ್ದ ದಿನ ಮಗು ಉಪವಾಸ ಎಂದು ಅವಳು ಹೇಳಿಯೇ ಹೇಳಿದ್ದಳು.

ಬುಧವಾರ ಇದನ್ನೆಲ್ಲ ಆ ಹೆಂಗಸರಿಗೆ ಹೇಳಹೊರಟೆ. ಅರ್ಧ ಇಂಗ್ಲಿಷು, ಅರ್ಧ ಹಿಂದಿ, ಕೋಪದಲ್ಲಿ ನಡುವೆ ತುಳು. ಸಕ್ಕರೆ ಡಬ್ಬಿ ಅಳದೆ ಇನ್ನು ಯಾರು ಅಳಬೇಕಿತ್ತು ಆ ಮನೆಯಲ್ಲಿ, ಸ್ಟ್ರೇಟಾಗಿ ಹೇಳಲು ಆ ತಾಯಿಗೆ ಯಾರು ಮೈಕ್ ಕೊಟ್ಟಿದ್ದರು ಎಂದು ಸ್ಮಿತಾಳನ್ನು ಕೇಳಿದೆ. ಫೇರಿ ಟೇಲ್ ಎಂದವಳನ್ನೂ ಬಿಡಲಿಲ್ಲ. "ಆಂಟೀ, ಬಿಪಿ!" ಎಂದಳು ಅವಳು. ಸ್ಮಿತಾ ವಾಚು ನೋಡಿ, ಮುಂದಿನ ತಿಂಗಳು ಯಾವುದಾದರೂ ಲೈಟ್ ಪುಸ್ತಕ ತೆಗೆದುಕೊಳ್ಳೋಣ ಎಂದಳು. ಅಷ್ಟರಲ್ಲಿ ಮಡಿಲಲ್ಲಿ ಇನ್ನೊಂದು ಟಿಂಗ್: ಉತ್ತರ ಬಾರದ್ದರಿಂದ ನಿಮ್ಮ ಮೇಡ್‌ಗೆ ಪ್ರವೇಶ ನಿರಾಕರಿಸಲಾಗಿದೆ. ನಾನು ಲಿಫ್ಟ್ ಇಳಿದು, ಕೋಲೂರಿಕೊಂಡು ಗೇಟಿನ ತನಕ ಹೋಗಿ ಅವಳನ್ನು ಕರೆದುಕೊಂಡು ಬಂದೆ. ಈಗ ದಿನಾ ಹಾಗೆಯೇ ಮಾಡುತ್ತೇನೆ. ಮಗಳು ಇದನ್ನು ನನ್ನ ಹೊಸ ಹುಚ್ಚು ಎನ್ನುತ್ತಾಳೆ. ಇರಲಿ.

ಒಂದು ಮಾತನ್ನು ಅಂದು ಕ್ಲಬ್ಬಿನಲ್ಲಿ ಹೇಳಲಾಗಲಿಲ್ಲ. ತುಕ್ರುವನ್ನು ನಾನು ಕೊನೆಯ ಸಲ ನೋಡಿದ್ದು ಠಾಣೆ ಸ್ಟೇಷನ್ನಿನಲ್ಲಿ. ಮಂಡಿ ಸೋತಿತ್ತು, ಊರಿಗೆ ಹೋಗುತ್ತೇನೆಂದಿದ್ದಳು. ಮಂಗಳೂರಿನ ರೈಲಿಗೆ ಕಾಯುತ್ತ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ತಗಡಿನ ಮಾಡು ಮುಗಿದು ಬಿಸಿಲು ಬೀಳುವಲ್ಲಿ ನಿಂತಿದ್ದೆವು. ಅವಳ ಚೀಲ ಹಿಡಿದುಕೊಂಡು ಮೂವತ್ತು ದಾಟಿದ ಒಬ್ಬ ಹೆಂಗಸು ಪಕ್ಕದಲ್ಲಿದ್ದಳು. ತುಕ್ರುವಿನದೇ ಹಣೆ, ತುಕ್ರುವಿನದೇ ಗದ್ದ.

"ಮಗಳು. ಸರಸ್ವತಿ. ಕರ್ಕೊಂಡು ಹೋಗ್ಲಿಕ್ಕೆ ಬಂದದ್ದು" ಎಂದಳು ತುಕ್ರು.

ಮನಸ್ಸಿನಲ್ಲೇ ವರ್ಷ ಎಣಿಸಿದೆ. "ನಾವು ಬೊಂಬಾಯಿಗೆ ಹೊರಟಾಗ ಇವಳಿಗೆ...?"

"ಎಂಟು ತಿಂಗಳು."

"ಯಾರು ಸಾಕಿದರು?" ಎಂದುಬಿಟ್ಟೆ. ಮೆಡಲ್ ಪಡೆದವಳಲ್ಲವೇ, ಕೇಳದೆ ಇರಲಾಗಲಿಲ್ಲ.

ತುಕ್ರು ನನ್ನನ್ನೇ ನೋಡಿದಳು. ದನಿಯಲ್ಲಿ ಕೋಪವಿರಲಿಲ್ಲ. "ಪಕ್ಕದ ಮನೆಯವಳು. ನೀವೇ ಬರ್ದಿದ್ದೀರಲ್ಲ, ಸಣ್ಣಮ್ಮ."

ಸಂಜೆಯ ಇಳಿಬಿಸಿಲಿಗೆ ಅವಳ ನೆರಳು ಉದ್ದವಾಗಿ ಚಾಚಿ ನನ್ನ ಸೀರೆಯ ಮೇಲೆ ಬಿದ್ದಿತ್ತು. ರೈಲು ಬಂದು ನಿಲ್ಲುವ ತನಕ ಅವಳು ಪಕ್ಕಕ್ಕೆ ಸರಿಯಲಿಲ್ಲ.