ಹೊಟ್ಟೆಯೊಳಗಿನ ಕೂದಲು

ದನದ ಆಸ್ಪತ್ರೆಯಲ್ಲಿ ಗಾಯಕ್ಕೆ ಔಷಧಿ ಹಚ್ಚಿ ಪಟ್ಟಿ ಕಟ್ಟುವುದು ಅವಳ ಕೆಲಸ. ದನ ಹೊಡೆದುಕೊಂಡು ಬಂದವರೆಲ್ಲ ಡ್ರೆಸ್ಸರಮ್ಮ ಎಂದೇ ಕರೆಯುತ್ತಿದ್ದರು. ಒದೆಯುವ ಎಮ್ಮೆಯೂ ಅವಳು ಮೈ ಸವರಿದರೆ ತಣ್ಣಗಾಗುತ್ತಿತ್ತು. ಅಂಥವಳಿಂದ ತನ್ನ ಹನ್ನೊಂದು ವರ್ಷದ ಮಗಳಿಗೆ ನಾಲ್ಕು ತುತ್ತು ಉಣ್ಣಿಸುವುದು ಆಗದೆ ಹೋಯಿತು.

ಅಪ್ಪ ಬೇರೆ ಸಂಸಾರ ಹೂಡಿ ಮನೆ ಬಿಟ್ಟ ಮೇಲೆ ಹುಡುಗಿಯ ಮಾತು ಕಡಿಮೆಯಾಗಿತ್ತು. ಆಮೇಲೆ ಊಟವೂ ಕಡಿಮೆಯಾಯಿತು. ಎರಡು ತುತ್ತಿಗೇ ಹೊಟ್ಟೆ ತುಂಬಿತು ಎನ್ನುವಳು. ಒತ್ತಾಯ ಮಾಡಿದರೆ ವಾಂತಿ. ತಾಯಿ ಮುದ್ದು ಮಾಡಿದಳು, ಬೈದಳು, ಒಂದು ದಿನ ತಡೆಯಲಾರದೆ ಕೈಯನ್ನೂ ಎತ್ತಿದಳು. ಜಂತುಹುಳದ ಮಾತ್ರೆ ಆಯಿತು, ಟಾನಿಕ್ ಆಯಿತು, ಮೈ ಮಾತ್ರ ಕಡ್ಡಿಯಾಗುತ್ತಲೇ ಹೋಯಿತು. ನೆತ್ತಿಯ ಕೂದಲು ತೆಳ್ಳಗಾದದ್ದೂ ನಿಶ್ಶಕ್ತಿಯಿಂದ ಎಂದುಕೊಂಡಳು.

ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತಿರುವುದು ಕೂದಲು, ಹುಡುಗಿ ತನ್ನ ತಲೆಗೂದಲನ್ನೇ ಕಿತ್ತು ನುಂಗುತ್ತಿದ್ದಾಳೆ ಎಂದರು ಸರ್ಜನ್. ಮೈ ನೆಕ್ಕಿ ನೆಕ್ಕಿ ಕೂದಲು ನುಂಗುವ ಕರುಗಳನ್ನು ಡ್ರೆಸ್ಸರಮ್ಮ ಕಂಡಿದ್ದಳು. ಸತ್ತ ದನದ ಹೊಟ್ಟೆ ಸೀಳಿದಾಗ ಚೆಂಡಿನಂಥ ಉಂಡೆಗಳು ಸಿಕ್ಕಿದ್ದೂ ಉಂಟು.

"ದನದ ಹೊಟ್ಟೇಲಿ ಇಂಥದ್ದು ವರ್ಷಗಟ್ಟಲೆ ಸುಮ್ನೆ ಇರುತ್ತೆ ಸಾರ್," ಎಂದಳು, ಅಂಗಲಾಚುವ ದನಿಯಲ್ಲಿ.

"ಅದರ ಹೊಟ್ಟೆ ಮೂಟೆಯಷ್ಟಿರುತ್ತಮ್ಮ, ನಾಲ್ಕು ಭಾಗ ಬೇರೆ. ನಮ್ಮದು ಒಂದೇ ಸಣ್ಣ ಚೀಲ. ಇವಳದ್ದು ಪೂರ್ತಿ ತುಂಬಿಹೋಗಿದೆ. ಅನ್ನ ಎಲ್ಲಿ ಇಳೀಬೇಕು?"

ದನವಾದರೆ ಹುಲ್ಲನ್ನು ಮತ್ತೆ ಬಾಯಿಗೆ ತಂದು ಅಗಿದು ಅರಗಿಸಿಕೊಳ್ಳುತ್ತದೆ, ನಮಗೆ ಮೆಲುಕು ಹಾಕಲು ಬಾರದು. ಕೂದಲಂತೂ ದನಕ್ಕೂ ಅರಗದು, ಮನುಷ್ಯರಿಗೂ ಅರಗದು ಎಂದು ಅವರು ಬಿಡಿಸಿ ಹೇಳಿದರು. ಕೊಯ್ದು ತೆಗೆಯದೆ ದಾರಿಯಿರಲಿಲ್ಲ.

ಆಪರೇಷನ್ ಮುಗಿದ ಮೇಲೆ ನರ್ಸ್ ಟ್ರೇ ತಂದು ತೋರಿಸಿದಳು. ಹೊಟ್ಟೆಯದೇ ಅಚ್ಚಿನಲ್ಲಿ ಹೊಯ್ದಂತೆ ಬಾಗಿದ ಕಪ್ಪು ಮುದ್ದೆ. ಎಷ್ಟೋ ಸಲ ಬರಿಗೈಯಲ್ಲಿ ಹುಳುಬಿದ್ದ ಗಾಯ ತೊಳೆದವಳು ಗೋಡೆ ಹಿಡಿದು ಓಕರಿಸಿದಳು.

ಎಚ್ಚರವಾದ ಮಗಳು ಮುಖ ತಿರುಗಿಸಿಕೊಂಡಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಬಾರದೆಂದುಕೊಂಡೇ ತಾಯಿ ಕೇಳಿಬಿಟ್ಟಳು.

"ಬಾಯಲ್ಲಿ ಏನಾದ್ರೂ ಇದ್ರೆ ಅಳು ಬರಲ್ಲಮ್ಮ," ಎಂದಿತು ಮಗು.

ಮನಸ್ಸಿನ ಡಾಕ್ಟರ ಹತ್ತಿರ ತೋರಿಸದಿದ್ದರೆ ಮತ್ತೆ ಶುರುವಾಗಬಹುದು ಎಂದು ಸರ್ಜನ್ ಎಚ್ಚರಿಸಿ ಕಳಿಸಿದರು. ತಾಯಿ ಮಗಳು ವಾರವಾರ ಹೋಗಿಬರುತ್ತಿದ್ದಾರೆ. ಈಗ ಹುಡುಗಿ ಗಂಜಿ ಕುಡಿಯುತ್ತಾಳೆ, ಕೆಲವೊಮ್ಮೆ ಅನ್ನವನ್ನೂ ಕೇಳುತ್ತಾಳೆ. ಆದರೂ ಅವಳ ಕೈ ಕೂದಲ ಹತ್ತಿರ ಹೋದರೆ ಸಾಕು, ಡ್ರೆಸ್ಸರಮ್ಮ ಕೈಲಿದ್ದ ಕೆಲಸ ಬಿಟ್ಟು ಪಕ್ಕಕ್ಕೆ ಬಂದು ಕೂರುತ್ತಾಳೆ. ಬೈಯುವುದಿಲ್ಲ. ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಅಳು ಬಂದರೆ ಅತ್ತುಬಿಡು ಎನ್ನುತ್ತಾಳೆ. ಮಗಳು ಇನ್ನೂ ಅತ್ತಿಲ್ಲ.