ಕೊನೆಗಾರ ಭೂತಪ್ಪನ ಬೀಳುವ ಸಂಭವ

‘ಕೊನೆಗಾರ ಭೂತಪ್ಪ, ಕೋಣಂದೂರು’ ಎಂದು ನಮ್ಮ ಸಾಗರದ ವಿಮಾ ಕಚೇರಿಯ ಮ್ಯಾನೇಜರು ಚೀಟಿ ಬರೆದುಕೊಟ್ಟಾಗ, ಊರಿನ ಕೊನೆಯ ಮನೆಯಲ್ಲಿರುವವನನ್ನು ಹಾಗೆ ಕರೆಯುತ್ತಾರೆಂದು ತಿಳಿದೆ. ಚಳ್ಳಕೆರೆಯಿಂದ ಬಂದು ಮೂರು ತಿಂಗಳಾಗಿದ್ದ ಗುಮಾಸ್ತನಿಗೆ ಅಷ್ಟು ಹೊಳೆದದ್ದೇ ಹೆಚ್ಚು. ಬಸ್ಸಿಳಿದು ಕೊನೆಯ ಮನೆಯ ಬಾಗಿಲು ಬಡಿದೆ. ಅಲ್ಲಿದ್ದ ವರದಮ್ಮ ಎಂಬವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕೊನೆ ಅಂದ್ರೆ ಅಡಿಕೆ ಗೊನೆ ಮಾರಾಯ. ಮರ ಹತ್ತಿ ಅದನ್ನ ಕೊಯ್ಯೋನು ಕೊನೆಗಾರ. ನೀನು ಎಂತ ಓದಿದ್ದು?” ಎಂದರು. ಬಿ.ಎ. ಎಂದು ಹೇಳುವ ಧೈರ್ಯವಾಗಲಿಲ್ಲ.

ಅದು ಅರವತ್ತನಾಲ್ಕನೆಯ ಇಸವಿ. ಹಿಂದಿನ ವರ್ಷ ಆ ಕಡೆ ಒಬ್ಬ ಕೊನೆಗಾರ ಮರದಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅದಕ್ಕೇ ಭೂತಪ್ಪ ಕೊನೆ ಕೊಯ್ಯುವ ತೋಟದ ಯಜಮಾನರಾದ ನಾರಾಯಣಮೂರ್ತಿ ಈ ಸಲ ಹಟ ಹಿಡಿದಿದ್ದರು: ವಿಮೆ ಆದರೆ ಭೂತಪ್ಪ ಮರ ಹತ್ತಲಿ, ಆಗದಿದ್ದರೆ ಬೇಡ. ವಿಮೆಯಾಗಬೇಕಾದರೆ ಈ ಮನುಷ್ಯ ಬೀಳುವ ಸಂಭವ ಎಷ್ಟೆಂದು ನಾನು ಫಾರಂ ತುಂಬಬೇಕು. ಸೈಕಲ್ಲಿನಿಂದಲೇ ವಾರಕ್ಕೆರಡು ಸಲ ಬೀಳುವವನಿಗೆ ಇಂಥ ಕೆಲಸ.

ಭೂತಪ್ಪನಿಗೆ ಐವತ್ತೈದು. ಹದಿನಾಲ್ಕನೇ ವಯಸ್ಸಿನಿಂದ ಮರ ಹತ್ತಿದವನು. ಒಂದು ಮರದ ತಲೆಯಿಂದ ಪಕ್ಕದ ಮರದ ತಲೆಗೆ ದಾಟುತ್ತ, ನೆಲಕ್ಕಿಳಿಯದೆ ಸಾಲು ಮುಗಿಸುತ್ತಾನೆಂದು ಮಂಡಗದ್ದೆಯವರೆಗೂ ಹೆಸರಿತ್ತು. ಹೆಣ್ಣು ನೋಡಿದ್ದೂ ಮರದ ಮೇಲಿಂದಲೇ ಅಂತೆ.

“ಇಳಿದು ನೋಡಿದ್ರೆ ಒಪ್ತಿರ್ಲಿಲ್ಲ ಸ್ವಾಮಿ” ಎಂದ.

“ನೀನು ಇಳಿದು ಬಂದಿದ್ರೆ ನಾನೂ ಒಪ್ತಿರ್ಲಿಲ್ಲ ಬಿಡು” ಎಂದಳು ಹೆಂಡತಿ ಗುತ್ಯಮ್ಮ.

ಫಾರಮ್ಮಿನಲ್ಲಿ ಹೇಳಿದಂತೆ ಅವನ ಮನೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಅದರ ಮೇಲೆ ನಡೆಯಲು ಹೇಳಿದೆ. ನಾಲ್ಕನೇ ಹೆಜ್ಜೆಗೆ ಗೆರೆ ಬಿಟ್ಟು ತುಳಸಿಕಟ್ಟೆಗೆ ಢಿಕ್ಕಿ ಹೊಡೆದ. ಒಂಟಿ ಕಾಲಲ್ಲಿ ನಿಲ್ಲಿಸಿದೆ. ಹುಲ್ಲಿನ ರಾಶಿಗೆ ಉರುಳಿದ. ‘ಬೀಳುವ ಸಂಭವ: ಬಹಳ’ ಎಂದು ಬರೆದೆ.

“ಅಂಗಳದಾಗೆ ಯಾರು ಅಡಿಕೆ ಕೊಯ್ತಾರೆ? ತೋಟಕ್ಕೆ ಬನ್ನಿ” ಎಂದ.

ತೋಟದಲ್ಲಿ, ತಳೆ ಎಂಬ ಹಗ್ಗದ ಬಳೆಯನ್ನು ಕಾಲಿಗೆ ಸಿಕ್ಕಿಸಿಕೊಂಡು ಹೊರಟವನು ನಾನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ತುದಿ ಮುಟ್ಟಿದ್ದ. ಗಾಳಿಗೆ ಮರ ತೂಗಿತು. ಅವನು ತೊಟ್ಟಿಲಲ್ಲಿ ಕೂತವನಂತೆ ಎಲೆ ಅಡಿಕೆ ಹಾಕಿಕೊಂಡ. ‘ಬಹಳ’ವನ್ನು ಹೊಡೆದುಹಾಕಿ ‘ಇಲ್ಲವೇ ಇಲ್ಲ’ ಎಂದು ಬರೆದೆ. ನೆಲದ ಮೇಲೆ ಬೀಳುವವನು ಮರದ ಮೇಲೆ ಬೀಳುವುದಿಲ್ಲವೆಂದರೆ ಯಾವ ಕಾಲಮ್ಮಿನಲ್ಲಿ ಏನು ತುಂಬಲಿ? ತಲೆ ಕೆಟ್ಟು, ಮೇಲೆ ನೋಡುತ್ತಲೇ ಹಿಂದೆ ಸರಿದ ನಾನು ಬಸಿಗಾಲುವೆಯೊಳಗೆ ಬಿದ್ದೆ.

“ನಿಮ್ದೂ ಒಂದು ಫಾರಂ ಬರ್ಕಳಿ” ಎಂದಳು ಗುತ್ಯಮ್ಮ.

ಗೊನೆ ಜಾರಿ ಬರುವ ಹಗ್ಗದ ತುದಿ ಹಿಡಿದು ಕೆಳಗೆ ನಿಂತಿದ್ದ ಅವಳ ಬಾಯಿಗೆ ಬಿಡುವಿರಲಿಲ್ಲ. “ಬಲಕ್ಕೆ. ಇನ್ನೂ ಬಲಕ್ಕೆ. ಅದು ಕಾಯಿ, ಬಿಡು. ಅದರ ಹಿಂದಿಂದು ಹಣ್ಣು.” ‘ಹೆಂಡತಿಯ ಮಾತು ಮೀರುವವನಲ್ಲ’ ಎಂದು ಷರಾ ಬರೆದೆ, ಅದನ್ನೂ ಒಂದು ಒಳ್ಳೆಯ ಲಕ್ಷಣವೆಂದೇ ಎಣಿಸಿ. ಅವನು ಪಕ್ಕದ ಮರಕ್ಕೆ ದಾಟಲು ಮುಂದಾದ. “ಎರಡು ಮೊಳ ಐತೆ. ಕೈ ಚಾಚು. ಇನ್ನೊಂಚೂರು. ಹಾಂ, ಹಿಡಿ” ಎಂದಳು. ಅವನು ಗಾಳಿಯಲ್ಲಿ ತಡಕಾಡಿ ಹಿಡಿದ.

ನನ್ನ ಪೆನ್ನು ನಿಂತಿತು.

ಇಳಿದು ಬಂದವನನ್ನು ಕೇಳಲೋ ಬೇಡವೋ ಎಂದು ಫಾರಂ ಮಡಚಿದೆ, ಬಿಚ್ಚಿದೆ. ಕೊನೆಗೆ ಕೇಳಿಯೇಬಿಟ್ಟೆ. “ಭೂತಪ್ಪನವರೇ, ನಿಮಗೆ ಕಣ್ಣು ಕಾಣುತ್ತಾ?”

“ಕಾಣದೆ ಏನು...” ಎಂದು ಗುತ್ಯಮ್ಮ ಶುರುಮಾಡಿದಳು.

“ಸುಮ್ನಿರೇ” ಎಂದ ಭೂತಪ್ಪ. “ಬಲಗಣ್ಣು ಪೂರಾ ಹೋಗೈತೆ, ಎಡಗಣ್ಣಿಗೆ ಪೊರೆ. ಬರ್ಕಳಿ. ಮರ ಹತ್ತೋದು ಬಿಟ್ರೆ ನಂಗೆ ಬೇರೆ ಕೆಲ್ಸ ಬರಲ್ಲ. ಅದ್ನೂ ಬರ್ಕಳಿ.”