ವಿಟೋಟೋ ಅಜ್ಜಿಗೆ ಮೈಸೂರಿನ ಉತ್ತರ

ಕಡಲಾಚೆಯ ಸ್ಕೋಕಿ ಊರಿನ ನಮ್ಮ ತಿರುಮಲೇಶ ಒಂದು ಇಡೀ ಭಾಷೆಗೆ ಏಕಾಂಗಿ ದಂಡನಾಯಕನಾಗಿದ್ದ. ಅಮೆಜಾನ್ ಕಾಡಿನ ವಿಟೋಟೋ ಬಳಗದ ಭಾಷೆ ಅದು. ಅದರ ಹೆಸರನ್ನು ಅವನು ನಮಗೆ ಉಚ್ಚರಿಸಿ ಕಲಿಸುವಷ್ಟರಲ್ಲಿ ತಟ್ಟೆಯ ಸಾರು ಆರುತ್ತಿತ್ತು. ಅದನ್ನಾಡುತ್ತಿದ್ದ ಕೊನೆಯ ಮುದುಕಿಯೂ ತೀರಿಕೊಂಡಿದ್ದಳು. ಅವಳ ದನಿ ಉಳಿದದ್ದು ಅಂಗೈಯಗಲದ ಒಂದೇ ಟೇಪಿನ ಸುರುಳಿಯಲ್ಲಿ. ಡಾಕ್ಟರೇಟಿಗೆಂದು ಅದನ್ನು ಮನೆಗೆ ತರುವಾಗ ಪ್ರೊಫೆಸರು, ಮೊದಲು ಇನ್ನೊಂದು ಪ್ರತಿ ಮಾಡಿಕೋ ಎಂದಿದ್ದರು. ದಂಡನಾಯಕರಿಗೆ ಇಂಥ ಗುಮಾಸ್ತೆ ಕೆಲಸ ಒಗ್ಗಲಿಲ್ಲ.

ಎಪ್ಪತ್ತಮೂರರ ಮಾತು. ಆಗ ಊರಿಗೆ ಹೊರಟವರ ಕೈಯಲ್ಲಿ ನಾವೆಲ್ಲ ಮಾತು ತುಂಬಿದ ಟೇಪು ಕಳಿಸುತ್ತಿದ್ದೆವು. ಅಲ್ಲಿ ಹೊಸ ಟೇಪು ಸಿಗುವುದು ಕಷ್ಟ. ಹಾಗಾಗಿ ಮನೆಯವರು ಕೇಳಿ, ಅದರ ಮೇಲೆಯೇ ತಮ್ಮ ಉತ್ತರ ತುಂಬಿ ವಾಪಸು ಕಳಿಸುತ್ತಿದ್ದರು. ವಾರೆನ್ ಊರಿನ ಕಾರು ಕಾರ್ಖಾನೆಯ ಎಂಜಿನಿಯರ್ ದಾನಪ್ಪ ಊರಿಗೆ ಹೊರಟಾಗ ತಿರುಮಲೇಶನ ಹೆಂಡತಿ ಇಂದುಮತಿ ಮೇಜಿನ ಮೇಲಿನ ಸುರುಳಿಯನ್ನು ಅವನ ಕೈಗಿತ್ತಳು. ಮೈಸೂರಿನ ಅತ್ತೆಗೆ ಕ್ಷೇಮಸಮಾಚಾರ ಹೇಳಿದ್ದ ಸುರುಳಿ ಡ್ರಾಯರಿನಲ್ಲೇ ಉಳಿಯಿತು.

ವಾರ ಕಳೆದು, ಸುರುಳಿ ಕಾಣದೆ ತಿರುಮಲೇಶ ಸೋಫಾದ ಕೆಳಗೆ, ಅಕ್ಕಿ ಡಬ್ಬದಲ್ಲಿ, ಕೊನೆಗೆ ಫ್ರಿಜ್ಜಿನಲ್ಲೂ ದಂಡಯಾತ್ರೆ ನಡೆಸಿದ. ಆಮೇಲೆ ಡ್ರಾಯರಿನ ಸುರುಳಿ ಕಂಡು ವಿಷಯ ತಿಳಿದು ಗೋಡೆಗೆ ಹಣೆ ಆನಿಸಿ ನಿಂತ. ಮೈಸೂರಿನಲ್ಲಿ ಫೋನಿದ್ದದ್ದು ಎದುರುಮನೆ ವಕೀಲರಿಗೆ. ಟ್ರಂಕ್ ಕಾಲ್ ಸಿಕ್ಕಿ ಅಮ್ಮ ಅಲ್ಲಿಗೆ ಬಂದದ್ದೇ ಅವನು ಕೂಗಿದ.

"ಅಮ್ಮಾ! ಆ ಟೇಪ್ ಮೇಲೆ ಏನೂ ಮಾತಾಡ್ಬೇಡ!"

"ನೆನ್ನೇನೇ ಮಾತಾಡಿ ಮುಗಿಸ್ದೆ ಕಣೋ. ಯಾರೋ ಆ ಅಜ್ಜಿ? ಪಾಪ, ಎಂಥಾ ಕೆಮ್ಮು!"

"ಅವಳು ಸತ್ತುಹೋಗಿದಾಳಮ್ಮಾ."

"ಅಯ್ಯೋ ರಾಮ! ಮೆಣಸಿನ ಕಷಾಯ ಮಾಡೋದು ಅವ್ರಿಗೇ ಹೇಳಿದೀನಲ್ಲೋ!"

ದಾನಪ್ಪ ಮರಳಿದ. "ಭಾಳ ಜ್ವಾಕಿಯಿಂದ ತಂದೇನ್ರಿ ಸರ. ವಿಮಾನದಾಗ ತೊಡಿ ಮ್ಯಾಲಿಂದ ಇಳಿಸ್ಲಿಲ್ಲ!" ಅವನನ್ನು ಅಪ್ಪಿಕೊಳ್ಳುವುದೋ ಹೊಡೆಯುವುದೋ ತಿರುಮಲೇಶನಿಗೆ ತಿಳಿಯಲಿಲ್ಲ.

ಸ್ಪೀಕರಿಗೆ ಕಿವಿ ಹಚ್ಚಿ ಕೂತ. ನವರಾತ್ರಿಯ ಗೊಂಬೆಗಳು ಬಂದವು, ತಂಗಿಗೆ ನೋಡಿದ ಗಂಡು ಬಂದ, ಕಷಾಯಕ್ಕೆ ಬೆಲ್ಲವೂ ಬಿತ್ತು. ಕಾಡಿನ ಒಂದು ಸೊಲ್ಲೂ ಇಲ್ಲ. ಅಮ್ಮ ಎಲ್ಲರಿಗೂ ಆಶೀರ್ವಾದ ಹೇಳಿ ಯಂತ್ರ ಆರಿಸಿದ ಸದ್ದಾಯಿತು. ಸುರುಳಿ ಇನ್ನೂ ತಿರುಗುತ್ತಿತ್ತು. ಕೆಮ್ಮು. ಮುದುಕಿ ನಿಧಾನವಾಗಿ ಏನೋ ಹೇಳಿದಳು, ಮತ್ತೆ ಅದನ್ನೇ ಹೇಳಿ ನಕ್ಕಳು. ಟೇಪು ಮುಗಿಯಿತು.

ತಿರುಮಲೇಶ ಹಿಂದಕ್ಕೆ ಸುತ್ತಿ ಅಷ್ಟನ್ನೇ ಮತ್ತೆ ಹಾಕಿದ. ಮತ್ತೂ ಹಾಕಿದ.

"ಏನ್ ಹೇಳ್ತಿದಾರ್ರೀ ಅವ್ರು?" ಇಂದುಮತಿ ಬಾಗಿಲಲ್ಲೇ ನಿಂತು ಕೇಳಿದಳು.

"ಗೊತ್ತಿಲ್ಲ. ಟೇಪಲ್ಲಿ ನಾನಿನ್ನೂ ಇಲ್ಲೀತನಕ ಬಂದಿರ್ಲಿಲ್ಲ."